ತವರು ಪತ್ರ

ಬುಸಿಯಾ ಗಡಿಯಲ್ಲಿ ನನ್ನದೊಂದು ತಗಡಿನ ಗೂಡು.
ಒಂದು ಮೇಜು, ಒಂದು ಸೀಲು, ಅರೆ ಒಣಗಿದ ಮಸಿಡಬ್ಬಿ.
ಯಾವ ಸರಕು ಯಾವ ದೇಶದಲ್ಲಿ ಹುಟ್ಟಿತೆಂದು
ಬರೆದುಕೊಡುವುದು ಕೆಲಸ.
ಹೆಸರು ವಂದೇರಾ. ಗೇಟಿನ ಆಚೆಗೂ
ನಮ್ಮ ಕುಲದ ವಂದೇರಾಗಳು ಬೇಕಾದಷ್ಟಿದ್ದಾರೆ.

ಇವತ್ತು ಮೊದಲು ಬಂದವಳು ನಬ್ವಿರೆ,
ತಲೆಯ ಮೇಲೆ ಒಣಮೀನಿನ ಚೀಲ,
ಕಿರುಬೆರಳಿಗಿಂತ ಸಣ್ಣ ಬೆಳ್ಳಿ ಚೂರುಗಳು.
‘ಏನಂತ ಬರೆಯಲಿ?’
‘ನಮ್ಮಲ್ಲಿ ಮುಕೆನೆ. ನಿಮ್ಮಲ್ಲಿ ಒಮೆನಾ.
ತಾಂಜಾನಿಯಾದವರು ದಗಾ ಅಂತಾರೆ.
ಬಾಣಲೆಗೆ ಬಿದ್ದರೆ ಮೂರಕ್ಕೂ ಒಂದೇ ಸದ್ದು.’

‘ಇದರ ತವರು?’
‘ನೀರು.’
‘ನೀರು ಅಂತ ಬರೆಯಲು ಜಾಗವಿಲ್ಲ ದೊಡ್ಡಮ್ಮ,
ದೇಶ ಬೇಕು.’

ನಕ್ಕಳು.
ಚಂದ್ರನಿಲ್ಲದ ರಾತ್ರಿ ದೀಪ ತೇಲಿಬಿಟ್ಟು
ಬೆಳಕಿಗೆ ಮುತ್ತಿದ್ದನ್ನು ಬಾಚಿ ತಂದದ್ದು.
ಆ ಕತ್ತಲಲ್ಲಿ ನೀರಿನ ಮೇಲೆ
ಯಾರ ಗೆರೆ ಯಾರಿಗೆ ಕಂಡೀತು?

ನಿಯಮದಲ್ಲಿ ಅದಕ್ಕೂ ಉತ್ತರವಿದೆ:
ದಡದ ಹತ್ತಿರ ಸಿಕ್ಕರೆ ದಡದ್ದು,
ನಡುಗಡಲಲ್ಲಿ ಸಿಕ್ಕರೆ ದೋಣಿಯದು.
ದೋಣಿಗೆ ಯಾವ ಬಾವುಟವೋ
ಸತ್ತ ಮೀನಿಗೆ ಅದೇ ಕುಲ.
ಮೀನು ಈಜಿದ್ದು ಮಾತ್ರ ಎಲ್ಲೂ ಲೆಕ್ಕಕ್ಕಿಲ್ಲ.

ಇದನ್ನೆಲ್ಲ ಕಟ್ಟಿಟ್ಟ ದೊಡ್ಡ ಮನೆ
ಜಿನೀವಾದಲ್ಲಿ, ಇನ್ನೊಂದು ಸರೋವರದ ದಡದಲ್ಲಿದೆ.
ತರಬೇತಿಗೆ ಬಂದ ಸಾಹೇಬರು ಚಿತ್ರ ತೋರಿಸಿದ್ದರು.
ಆ ನೀರಿಗೂ ಎರಡು ದೇಶವಂತೆ.
ಅಲ್ಲಿನ ಧರ್ಮ ಸರಳ:
ಒಬ್ಬನಿಗೆ ಬಡಿಸಿದ್ದನ್ನು ಎಲ್ಲರಿಗೂ ಬಡಿಸು.
ಆಮೇಲೆ ಸಣ್ಣ ಅಕ್ಷರದಲ್ಲಿ:
ನೆಂಟರಿಗೆ ಬೇರೆ ಪಂಕ್ತಿ ಹಾಕಿಕೊಳ್ಳಬಹುದು.
ಹಾಕಿಕೊಂಡರು. ನಾವೂ ಹಾಕಿಕೊಂಡೆವು.
ಈಗ ಊಟಕ್ಕಿಂತ ಪಂಕ್ತಿಗಳೇ ಹೆಚ್ಚು,
ಎಲೆ ಹಿಡಿದು ನಿಂತವನಿಗೆ
ಎಲ್ಲಿ ಕೂರುವುದೋ ತಿಳಿಯದು.

ನಮ್ಮ ಪಂಕ್ತಿಯೊಳಗೂ ಹೀಗೇ.
ಸುಂಕ ಇಲ್ಲ ಅಂತ ಬೋರ್ಡು ಹಾಕಿದ್ದೇವೆ.
ತಪಾಸಣೆ ಶುಲ್ಕ ಇದೆ, ಚೀಟಿ ಶುಲ್ಕ ಇದೆ.
ಅಳಿಯ ಅಲ್ಲ, ಮಗಳ ಗಂಡ.
ಹೋದ ವರ್ಷ ಮೊಟ್ಟೆಯ ಲಾರಿಗಳು
ಹನ್ನೊಂದು ದಿನ ಇಲ್ಲೇ ನಿಂತವು,
ಯಾವ ರೋಗವೆಂದು ಎರಡೂ ಕಡೆಯವರು ಪತ್ರ ಬರೆಯುತ್ತಿದ್ದಾಗ
ವಾಸನೆಯೇ ಮೊದಲು ಗಡಿ ದಾಟಿತು.

ದೊಡ್ಡ ಮೀನಿನ ಕತೆ ಬೇರೆ.
ಅದರ ತೊಡೆಯಷ್ಟು ದಪ್ಪನೆಯ ಮಾಂಸ
ಮಂಜುಗಡ್ಡೆ ಹೊದ್ದು ವಿಮಾನ ಹತ್ತುತ್ತದೆ ಯೂರೋಪಿಗೆ.
ಅಲ್ಲಿಯೂ ಸುಂಕ ಸೊನ್ನೆ.
ಬಾಗಿಲು ತೆರೆದೇ ಇದೆ,
ಹೊಸ್ತಿಲನ್ನು ಮಾತ್ರ ಎದೆಯುದ್ದ ಎತ್ತರಿಸಿದ್ದಾರೆ:
ಎಷ್ಟು ಡಿಗ್ರಿ ಚಳಿ, ಯಾವ ನೀರಲ್ಲಿ ತೊಳೆದದ್ದು,
ತೊಳೆದವಳ ಉಗುರು ಎಷ್ಟುದ್ದ.
ತಲೆ, ಮುಳ್ಳು, ಬಾಲ ನಮಗೆ ಉಳಿಯುತ್ತದೆ.
ನಬ್ವಿರೆಯ ಸೊಸೆ ಅದನ್ನೇ ಎಣ್ಣೆಯಲ್ಲಿ ಕರಿದು
ಬಸ್ ಸ್ಟ್ಯಾಂಡಿನಲ್ಲಿ ಮಾರುತ್ತಾಳೆ.
ಅದಕ್ಕೆ ಯಾವ ಪತ್ರವೂ ಬೇಡ.

ನನ್ನ ಅಂಗಿಯ ಕೊರಳಪಟ್ಟಿ ತಿರುವಿ ನೋಡಿದ್ದೆ ಒಮ್ಮೆ.
ಬಾಂಗ್ಲಾದೇಶ ಅಂತಿತ್ತು.
ಯಾವನೋ ಬಿಳಿಯ ತೊಟ್ಟು ಬಿಟ್ಟದ್ದು,
ಮೂಟೆಯಲ್ಲಿ ಮೊಂಬಾಸಾಕ್ಕೆ ಬಂದದ್ದು.
ಹತ್ತಿ ಇಲ್ಲಿಯದೇ ಇರಬಹುದು, ಯಾರು ಕಂಡರು.

‘ನಿನ್ನ ತವರು ಯಾವುದು?’ ಅಂದಳು ನಬ್ವಿರೆ ತಟ್ಟನೆ.
ಗಂಡಸರನ್ನು ಯಾರೂ ಹಾಗೆ ಕೇಳುವುದಿಲ್ಲ.
ಪೆನ್ನು ಕೈಯಲ್ಲೇ ಇತ್ತು.
ಅಮ್ಮನದು ಆ ಕಡೆ, ಅಂದೆ.
ಅಂದರೆ ನಾನು ಅರ್ಧ ಆಮದು, ಅಂದಳು.

ಎರಡು ಸಾವಿರ ಡಾಲರಿನೊಳಗಿನ ಮಾಲು,
ಸಣ್ಣ ಫಾರಂ ಸಾಕು.
ಉಗಾಂಡಾ ಎಂದು ಬರೆದು ಸೀಲು ಒತ್ತಿದೆ.
ತೆಗೆದು ನೋಡಿದರೆ ದೇಶದ ಹೆಸರಿನ ನಡುವೆ
ಮಸಿ ಹಿಡಿಯದ ಒಂದು ಬಿಳಿ ಚುಕ್ಕೆ,
ಸೀಲಿನಡಿ ಸಿಕ್ಕ ಮೀನಿನ ಹುರುಪೆ.
ಉಗುರಲ್ಲಿ ಕೆರೆದೆ. ಬರಲಿಲ್ಲ.

‘ನಡೆಯುತ್ತೆ ಬಿಡು,’ ಅಂದು
ಚೀಲ ಎತ್ತಿ ತಲೆಗಿಟ್ಟುಕೊಂಡು ಹೋದಳು.

ಮುಂದಿನವರು.
ಮೊಟ್ಟೆ, ಮೂವತ್ತು ಟ್ರೇ.
ಕೋಳಿ ಆ ಕಡೆಯದು, ಕಾಳು ಈ ಕಡೆಯದು.
ಕೂತುಕೊಳ್ಳಿ, ಅಂದೆ.