ಮೂರನೆಯ ಪಾಲು

ಪೊರ್ವೆನೀರ್ ದಕ್ಕೆಯ ತಗಡಿನ ಕಚೇರಿಯಲ್ಲಿ
ಇರುವುದು ಒಂದೇ ಕಂಪ್ಯೂಟರು.
ಹಗಲು ನಿಬಾಲ್ಡೊನದು: ಫೆರಿಯ ಟಿಕೆಟ್ಟು, ಲಾರಿಗಳ ತೂಕ,
ದಾಟಿಹೋದ ಕುರಿಗಳ ಲೆಕ್ಕ, ಎಲ್ಲ ವಿಂಡೋಸಿನಲ್ಲಿ.
ರಾತ್ರಿ ನನ್ನದು, ಲಿನಕ್ಸು:
ನೀರಿಗೆ ಇಳಿಬಿಟ್ಟ ಮೈಕಿನಲ್ಲಿ
ತಿಮಿಂಗಿಲ ಏನಾದರೂ ಅಂದೀತೆ ಎಂದು
ಕಿವಿಗೊಟ್ಟು ಕೂರುವ ಕೆಲಸ.

ಡಿಸ್ಕನ್ನು ಮೂರು ಪಾಲು ಮಾಡಿಕೊಟ್ಟವಳು
ರೇಡಿಯೋ ರಿಪೇರಿಯ ನೆವೆಂಕಾ.
'ಇದು ಅವನಿಗೆ, ಇದು ನಿನಗೆ,
ಈ ಮೂರನೆಯದು ಇಬ್ಬರಿಗೂ.
ಜಗಳವಾಡುವುದಿದ್ದರೆ ಅಲ್ಲೇ ಆಡಿಕೊಳ್ಳಿ.'

ಅವನು ಅದನ್ನು ಡಿ ಅನ್ನುತ್ತಾನೆ.
ನನಗೆ ಅದು ಅಕ್ಷರವಲ್ಲ, ದಾರಿ;
ಓರೆಗೆರೆಗಳನ್ನು ದಾಟಿ ತೆರೆಯುವ ಕೋಣೆ.
ದೊಡ್ಡಕ್ಷರದ 'ಉಬ್ಬರ', ಚಿಕ್ಕಕ್ಷರದ 'ಉಬ್ಬರ'
ಅವನ ಕಡೆ ಒಂದೇ ಕಡತ.
ನನ್ನ ಕಡೆ ಅವು ಅಕ್ಕತಂಗಿಯರು,
ಬೇರೆ ಬೇರೆ ಸಂಸಾರ.

ಗಡಿಯಾರದ್ದು ಇನ್ನೊಂದು ರಗಳೆ.
ನನ್ನ ಸರದಿ ಮುಗಿದ ಬೆಳಿಗ್ಗೆ ಅವನ ಪರದೆಯಲ್ಲಿ
ಕಾಲ ಮೂರು ಗಂಟೆ ಮುಂದೆ ಓಡಿರುತ್ತದೆ.
ಒಮ್ಮೆ ಫೆರಿ ಹೋಗೇಬಿಟ್ಟಿತೆಂದು
ಒಂದೇ ಕಾಲಿಗೆ ಬೂಟು ಹಾಕಿಕೊಂಡು ಓಡಿದನಂತೆ;
ನೀರಿನ ಮೇಲೆ ಇನ್ನೂ ಬೆಳಕೇ ಬಂದಿರಲಿಲ್ಲ.
ಕೇಳಿ ನಕ್ಕಿದ್ದೆ.

ಮುಖ ನೋಡಿದ್ದು ನಾಲ್ಕು ಸಲ ಇರಬಹುದು.
ಕೀಲಿಮಣೆಗೆ ಮೆತ್ತಿದ ಕಲಫಾತೆ ಜಾಮು ಮಾತ್ರ
ದಿನಾ ಬೆರಳಿಗೆ ಅಂಟುತ್ತದೆ.

ಜೂನಿನಲ್ಲಿ, ಗಾಳಿ ಬಿದ್ದ ಒಂದು ರಾತ್ರಿ,
ಏಳು ವಾರದ ಮೌನ ಸೀಳಿ ದನಿಯೊಂದು ಬಂತು,
ಉದ್ದಕ್ಕೆ, ತಳದಿಂದ.
ಉಳಿಸಲು ಹೋದರೆ ಆ ಕೋಣೆ ಅಂದಿತು:
ಓದಬಹುದು. ಬರೆಯುವಂತಿಲ್ಲ.

ಅವನು ಯಂತ್ರವನ್ನು ಆರಿಸಿರಲಿಲ್ಲ,
ಮಲಗಿಸಿ ಹೋಗಿದ್ದ.
ಅರೆನಿದ್ದೆಯವನ ಮುಷ್ಟಿಯಲ್ಲಿ ಬೀಗದ ಕೈ.
ಬೇಕಾದರೆ ಬಿಡಿಸಬಹುದು, ಒಂದು ಸಾಲಿನ ಆಜ್ಞೆ;
ಅವನು ಅರ್ಧಕ್ಕೆ ಬಿಟ್ಟದ್ದು ಅಳಿದರೆ ಅಳಿಯಲಿ ಎಂದು
ಬೈಯುತ್ತ ಅರ್ಧ ಟೈಪು ಮಾಡಿಯೂ ಬಿಟ್ಟೆ.

ಓದಲು ಬಿಟ್ಟಿದೆಯಲ್ಲ, ಓದಿದೆ.
ಕೊನೆಯ ಕಡತ, ಆ ಸಂಜೆಯ ಪಟ್ಟಿ:
ಆಂಬುಲೆನ್ಸು, ಒಂದು.
ರೋಗಿ, ಆರು ವರ್ಷ, ಆಯಿಲೆನ್ ಬಾರ್ರಿಯಾ.
ಜೊತೆಗೆ ಹೋಗುವವರು, ತಂದೆ.
ದರದ ಖಾನೆ ಖಾಲಿ.

ತಿಮಿಂಗಿಲವನ್ನು ನನ್ನ ಪಾಲಿನಲ್ಲೇ ಇಟ್ಟುಕೊಂಡೆ,
ಇಕ್ಕಟ್ಟಾದರೂ.
ಆಮೇಲೆ ನನ್ನ ಗಡಿಯಾರವನ್ನು
ಅವನ ಹೊತ್ತಿಗೆ ಹೊಂದಿಸಿದೆ.
ಎರಡು ನಿಮಿಷದ ಕೆಲಸ.
ಎರಡು ವರ್ಷದಿಂದ ಗೊತ್ತಿತ್ತು ನನಗೆ.