ಗುರುತಿಸಿದವರು

ಪಟಾಲಮ್ಮಿನಲ್ಲಿರುವ ತಮ್ಮ ಬೋರೇಶ
ಸಾಹೇಬರನ್ನು ಕಾಡಿ ಬೇಡಿ ತರಿಸಿದ್ದು ಒಂದೇ ಹಾಳೆ:
ಬಸ್ರಾ ಊರಿನ ದಂಡಿನ ಮಸಣದ ಲೆಕ್ಕ.
ಸಾಲು ಇದೆ, ಕುಣಿಯ ನಂಬರಿದೆ,
ಹೆಸರು ಮಾತ್ರ ನಮ್ಮದಲ್ಲ.

ಕ್ಯಾಟಿಯಾ, ಸನ್ ಆಫ್ ಊಬಲಾ, ಚಿತಲ್‌ಡ್ರೂಗ್.

ಬಾಯಿಬಿಟ್ಟು ಹತ್ತು ಸಲ ಓದಿದೆ.
ಬರೆದುಕೊಂಡ ದೊರೆಯ ಕಿವಿಯೊಳಗೆ ಕೂತು ಓದಿದೆ.
ಹನ್ನೊಂದನೇ ಸಲಕ್ಕೆ ಎದ್ದು ಬಂದ
ಓಬಳಯ್ಯನ ಮಗ ಕಾಟಯ್ಯ, ನಮ್ಮ ಮುತ್ತಜ್ಜ,
ದೇವರೆತ್ತಿನ ಕಿಲಾರಿ,
ಸರ್ಕಾರದ ನಲವತ್ತು ಎತ್ತುಗಳ ಹಿಂದೆ
ಕಾವಲು ದಾಟಿ, ರೈಲು ಹತ್ತಿ, ಹಡಗು ಹತ್ತಿದವನು.
ಹಡಗಿನಲ್ಲಿ ಎತ್ತಿಗೆ ಮೇವು ಇತ್ತಂತೆ, ಇವನಿಗೆ ಬರೀ ವಾಂತಿಯಂತೆ.
ಮನೆಯಲ್ಲಿ ಉಳಿದಿರುವ ಕತೆ ಅಷ್ಟೇ.

ಸತ್ತದ್ದು ೧೯೧೭, ಜುಲೈ ಹದಿನೈದು.
ಕಾರಣ: ಬಿಸಿಲು.

ಚಳ್ಳಕೆರೆ ಸೀಮೆಯವನು ಕಣೋ,
ಮಟಮಟ ಮಧ್ಯಾಹ್ನ ಬಂಡೆಯ ಮೇಲೆ
ಅಂಗಾತ ಮಲಗಿ ನಿದ್ದೆ ತೆಗೆಯುವ ಕುಲದವನು,
ಬಿಸಿಲಿಗೆ ಸತ್ತನೆ!
ಎಂಥ ಬಿಸಿಲಪ್ಪ ಅದು, ಎಂದು ನಾನೂ ಬೋರೇಶನೂ
ಫೋನಿನಲ್ಲಿ ನಕ್ಕೆವು.
ಆಮೇಲೆ ಇಬ್ಬರೂ ಸುಮ್ಮನಾದೆವು.

ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ
ಇಪ್ಪತ್ತಾರು ವರ್ಷ ಗೆದ್ದಲಿನ ಜೊತೆ ಕೆಲಸ ಮಾಡಿದವಳು ನಾನು.
ತಾರೀಖು ಕಂಡರೆ ಬೆರಳು ತಾವೇ ಮಡಿಸಿಕೊಳ್ಳುತ್ತವೆ.
ಅಜ್ಜ ಪಾಲಯ್ಯ ಹುಟ್ಟಿದ್ದು ಜ್ವರದ ವರ್ಷ,
ಹಟ್ಟಿಯಲ್ಲಿ ಹೆಣಕ್ಕೆ ಹೆಗಲು ಸಾಲದ ಕಾರ್ತೀಕದಲ್ಲಿ.
ಅಂದರೆ ಹದಿನೆಂಟನೇ ಇಸವಿ.
ಅಂದರೆ, ಕಾಟಯ್ಯ ಮಣ್ಣಾಗಿ ಹದಿನಾರು ತಿಂಗಳಿಗೆ.

ಇನ್ನೊಮ್ಮೆ ಎಣಿಸಿದೆ.

ಟ್ರಂಕಿನ ತಳದಲ್ಲಿ ಮುತ್ತಜ್ಜಿ ಓಬಕ್ಕನ ಪಿಂಚಣಿ ಪುಸ್ತಕ.
ತಿಂಗಳಿಗೆ ನಾಲ್ಕು ರೂಪಾಯಿ.
ಕೆಳಗೆ ಸಣ್ಣ ಅಕ್ಷರದ ಷರತ್ತು:
ಮರುಮದುವೆಯಾದಲ್ಲಿ ಹಣ ನಿಲ್ಲತಕ್ಕದ್ದು.
ಕೂಡಿಕೆ ನಮ್ಮಲ್ಲಿ ತಪ್ಪಲ್ಲ.
ನಾಲ್ಕು ರೂಪಾಯಿಯೂ ಸಣ್ಣದಲ್ಲ.
ಹಟ್ಟಿಗೆ ಹಟ್ಟಿಯೇ ಬಾಯಿ ಮುಚ್ಚಿಕೊಂಡಿರಬೇಕು.

ಪ್ರತಿ ಪುಟದಲ್ಲೂ ಎಡಗಡೆ ಅವಳ ಹೆಬ್ಬೆಟ್ಟು.
ಬಲಗಡೆ, ‘ಗುರುತಿಸಿದವರು’ ಎಂದು ಅಚ್ಚಾದ ಕಡೆ, ಇನ್ನೊಂದು.
ಅದೇ ಅಗಲ ಹೆಬ್ಬೆಟ್ಟು, ಅಡ್ಡಡ್ಡ ಅದೇ ಗಾಯದ ಗೆರೆ,
ಹದಿನೆಂಟರಿಂದ ಮೂವತ್ತೆಂಟರವರೆಗೆ.
ಚಿತ್ರದುರ್ಗದ ಖಜಾನೆಗೆ ಆರು ಹರದಾರಿ
ಅವಳ ಮುಂದೆಯೋ ಹಿಂದೆಯೋ ನಡೆದವನು,
ಈಕೆಯೇ ಕಾಟಯ್ಯನ ಹೆಂಡತಿ, ವಿಧವೆಯಾಗಿಯೇ ಇದ್ದಾಳೆ, ಎಂದು
ತಿಂಗಳು ತಿಂಗಳೂ ಒತ್ತಿ
ಆರು ಹರದಾರಿ ಜೊತೆಗೇ ಮರಳಿದವನು.

ಹೆಸರಿಲ್ಲ.
ಸಾಲಿಲ್ಲ, ನಂಬರಿಲ್ಲ, ಯಾವ ದೊರೆಯೂ ತಪ್ಪಾಗಿ ಕೂಡ
ಬರೆದುಕೊಂಡಿಲ್ಲ ಅವನನ್ನು.
ನಮ್ಮ ಕೆರೆಯಂಗಳದಲ್ಲೇ ಎಲ್ಲೋ ಇದ್ದಾನು, ಜಾಲಿಯ ಕೆಳಗೆ.
ಅಲ್ಲಿ ನಾವು ಕುರಿ ಕಟ್ಟುತ್ತೇವೆ.

ಬೋರೇಶ ಮೊನ್ನೆ ಮತ್ತೆ ಫೋನು ಮಾಡಿದ:
ಅಕ್ಕ, ಒಂದು ಕಲ್ಲು ಕೆತ್ತಿಸೋಣ,
ಕೈಲಿ ಬಾರುಕೋಲು ಇರಲಿ, ಪಕ್ಕದಲ್ಲಿ ಜೋಡೆತ್ತು,
ಕೆಳಗೆ ವಂಶದ ಹೆಸರೆಲ್ಲ ಬರಲಿ,
ಪಟ್ಟಿ ನೀನೇ ಮಾಡು, ನಿಂಗೆ ಗೊತ್ತಾಗುತ್ತೆ.
ಮಾಡ್ತೀನಿ ಅಂದೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ
ಕಚೇರಿಯ ಶಾಯಿ ಡಬ್ಬಿಯಲ್ಲಿ ಹೆಬ್ಬೆಟ್ಟು ಅದ್ದಿ
ರದ್ದಿ ಹಾಳೆಯ ಮೇಲೆ ಒತ್ತಿ, ಅವನದರ ಪಕ್ಕ ಹಿಡಿದೆ.
ಸುಳಿ ಎಡಕ್ಕೋ, ಬಲಕ್ಕೋ. ಶಾಯಿ ಹರಡಿತ್ತು.
ಏನೂ ತಿಳಿಯಲಿಲ್ಲ.

ಸೋಪು ಹಾಕಿ ಉಜ್ಜಿದೆ, ಸೀಮೆಎಣ್ಣೆ ಹಾಕಿ ಉಜ್ಜಿದೆ.
ರಾತ್ರಿ ಮುದ್ದೆ ಕಟ್ಟುವಾಗಲೂ
ಉಗುರಿನ ಸಂದಿಯಲ್ಲಿ ನೀಲಿ.