ಧೂಳಿಲ್ಲದ ಚಕ್ರ

ಬಿಸಿ ಚಕ್ರಕ್ಕೆ ನೀರು ಹಾಕಬಾರದು.
ಹಾಕಿದರೆ ಚುಂಯ್ ಎಂದು ಬೈಯುತ್ತದೆ,
ಕಲೆ ಒಣಗಿ ಅಲ್ಲೇ ಕೂತುಬಿಡುತ್ತದೆ.
ಬಂದ ಕಾರಿಗೆ ಮೊದಲು ನೆರಳು ಕೊಡು,
ಕೈಯ ಹಿಂಬದಿಯಿಂದ ಮುಟ್ಟಿ ನೋಡು,
ಮಗುವಿನ ಜ್ವರ ನೋಡುವ ಹಾಗೆ.

ರುಸ್ತಾವಿಯ ಕಾರು ಸಂತೆ, ಮೂರನೇ ಸಾಲಿನ ತುದಿ,
ಹನ್ನೊಂದು ವರ್ಷದಿಂದ ಇದೇ ನನ್ನ ಕೆಲಸ.
ಮೈ ತೊಳೆಯುವವರು ಬೇರೆ, ಹುಡುಗರು,
ನೊರೆ ಹಾರಿಸುತ್ತ ರೇಡಿಯೋ ಜೊತೆ ಕಿರುಚುತ್ತಾರೆ.
ಚಕ್ರ ಮಾತ್ರ ನಾಜಿಬ್ರೋಲಾಳದು.
ಮೊಣಕಾಲೂರಬೇಕಲ್ಲ, ಅದಕ್ಕೆ.

ಔಷಧಿ ಸಿಂಪಡಿಸಿ ನಾಲ್ಕು ನಿಮಿಷ ಸುಮ್ಮನಿರು.
ಮೊದಲು ಕೊಳೆತ ಮೊಟ್ಟೆಯ ನಾತ,
ಆಮೇಲೆ ಬಣ್ಣ:
ಕಡ್ಡಿ ಕಡ್ಡಿಯ ಸಂದಿನಿಂದ ನೇರಳೆ ಇಳಿಯುತ್ತದೆ,
ಸಪೆರಾವಿ ದ್ರಾಕ್ಷಿ ತುಳಿದ ಹಾಗೆ.
ಈ ಕರಿ ಧೂಳು ರಸ್ತೆಯದಲ್ಲ, ಹೊಸಬರಿಗೆ ತಿಳಿಯದು.
ನಿಂತದ್ದರ ಪುಡಿ ಇದು.
ಯಾರೋ ಕಾಲೊತ್ತಿದಾಗಲೆಲ್ಲ
ಕಬ್ಬಿಣ ತನ್ನ ಮೈ ಚೂರು ಸವೆಸಿಕೊಂಡು
ಉಗುಳಿದ್ದು.

ಪೋತಿ ಬಂದರಿನಲ್ಲಿ ಹಡಗಿಳಿದು ಬರುತ್ತವೆ ಅಮೆರಿಕದ ಕಾರುಗಳು,
ಮೂತಿ ಜಜ್ಜಿದವು, ಬಾಗಿಲು ನೆಗ್ಗಿದವು.
ನಾನು ಕಾಣದ ಊರುಗಳ ಕೆಂಪು ದೀಪಗಳೆಲ್ಲ
ಹಳೇ ಹಲ್ಲುಜ್ಜುವ ಬ್ರಶ್ಶಿನಡಿ ಕರಗುತ್ತವೆ.
ಅಡ್ಡ ಬಂದ ನಾಯಿ, ಚೆಂಡಿನ ಹಿಂದೋಡಿದ ಹುಡುಗ,
ಮತ್ತೆ ಆ ಕೊನೆಯದೊಂದು, ಸಾಕಾಗದೆ ಹೋದದ್ದು.
ಅದು ಯಾವ ಕಣ ಅಂತ ಯಾರು ಹೇಳಬೇಕು?
ಎಲ್ಲ ಒಂದೇ ಮೋರಿಗೆ.
ಒರೆಸಿ, ಒಣಗಿಸಿ, ಮೇಣ ಹಚ್ಚು.
ಮೇಣದ ಮೇಲೆ ಧೂಳಿಗೂ ಕಾಲು ಜಾರುತ್ತದೆ.

ನನ್ನ ಅಂಜೋರ್ ಉಕ್ಕಿನ ಕಾರ್ಖಾನೆಯವನು.
ಕುಲುಮೆಯ ಪಾಳಿ ಮುಗಿಸಿ ಬಂದು
ಸಾಬೂನು, ಮರಳು, ನಿಂಬೆ ಸಿಪ್ಪೆ
ಏನು ಹಾಕಿ ಉಜ್ಜಿದರೂ
ಉಗುರ ಬುಡದಲ್ಲಿ ಅದೇ ಕಪ್ಪು.
ಸತ್ತ ದಿನ ಮೈ ತೊಳೆಯಲು ಬಂದ ನೆರೆಯವರು
ಕಡ್ಡಿ ತಂದು ಉಗುರು ಕೆರೆಯ ಹೊರಟರು.
ಬಿಡಿ, ಅಂದೆ. ಇರಲಿ ಅದು.
ಯಾಕೆ ಅಂದರು.
ಆಗ ನನ್ನಲ್ಲಿ ಉತ್ತರ ಇರಲಿಲ್ಲ.

ಹೋದ ಗುರುವಾರ ಬೂದಿ ಬಣ್ಣದ ಕಾರೊಂದು,
ತಿಂಗಳಿಂದ ಬಾದ್ರಿಯೇ ತ್ಬಿಲಿಸಿಗೆ ಓಡಿಸಿದ್ದು.
ಮುಂದಿನ ಎಡಚಕ್ರ ತಳ ಹಿಡಿದ ಬಾಣಲೆ.
ಬಲದ್ದು ಬೆಳ್ಳಿ ತಟ್ಟೆ, ಯಾರೂ ತೊಳೆದಿರಲಿಲ್ಲ.
ಬೆರಳಿಟ್ಟೆ. ಬೆರಳು ಬೆಳ್ಳಗೇ ಬಂತು.
‘ಬಾದ್ರಿ, ಈ ಕಡೆ ಬ್ರೇಕು ಕಚ್ಚುತ್ತಿಲ್ಲ.’
ಅವನು ಸೂರ್ಯಕಾಂತಿ ಬೀಜ ಸುಲಿಯುತ್ತ,
‘ಎರಡನ್ನೂ ಒಂದೇ ಮಾಡು, ನಾಜಿ.
ಗಿರಾಕಿ ಮೊದಲು ನೋಡೋದೇ ಚಕ್ರ.’

ನಿಜ, ಮೊದಲು ನೋಡೋದೇ ಚಕ್ರ.

ಹಿಂದಿನೆರಡು ತೊಳೆದೆ.
ಬಲದ್ದಕ್ಕೆ ಕೆಲಸವೇ ಇರಲಿಲ್ಲ.
ಎಡದ್ದರ ಮುಂದೆ ಮೊಣಕಾಲೂರಿ ಕೂತೆ,
ಔಷಧಿಯ ಬಾಟಲಿ ಕೈಯಲ್ಲಿ,
ನಾಲ್ಕು ನಿಮಿಷ, ಇನ್ನೂ ನಾಲ್ಕು ನಿಮಿಷ.
ಮುಚ್ಚಳ ತಿರುಗಿಸಿ ಎದ್ದೆ.

ಸಂಜೆ ಬಂದವಳು ದುಷೇತಿಯ ಸೂಲಗಿತ್ತಿ.
ನಡುರಾತ್ರಿ ಕರೆ ಬಂದರೆ
ಬೆಟ್ಟದ ತಿರುವುಗಳಲ್ಲಿ ಒಬ್ಬಳೇ ಇಳಿಯಬೇಕಂತೆ,
ಕೆಳಗೆ ಹೊಳೆ, ಮೇಲೆ ಮಂಜುಗಡ್ಡೆ.
ಕಾರಿಗೊಂದು ಸುತ್ತು ಬಂದು ಎಡಗಡೆ ನಿಂತಳು.
‘ಇದೊಂದನ್ನು ಯಾಕೆ ಹೀಗೆ ಬಿಟ್ಟಿದ್ದೀರಿ?’
ಬೀಜ ಅಗಿಯುತ್ತಿದ್ದ ಬಾದ್ರಿಯ ದವಡೆ ನಿಂತಿತು.
‘ಅದು ಕೆಲಸ ಮಾಡಿದ ಚಕ್ರ, ತಾಯಿ.
ನೀವು ಕೇಳಬೇಕಾದ್ದು ಆ ಇನ್ನೊಂದನ್ನು.’

ದಿನದ ಕೂಲಿ ಅರ್ಧ ಸಿಕ್ಕಿತು,
ಉಳಿದರ್ಧಕ್ಕೆ ಬೈಗುಳ.
ವ್ಯಾನಿನ ಕಿಟಕಿಯ ಬೆಳಕಲ್ಲಿ ಉಗುರು ನೋಡಿಕೊಂಡೆ,
ನೇರಳೆ, ಅದರ ಕೆಳಗೆ ಕಪ್ಪು.
ಮನೆಯಲ್ಲಿ ಒಂದು ನಿಂಬೆಹಣ್ಣಿತ್ತು.
ಕತ್ತರಿಸಿ
ಚಹಾಕ್ಕೆ ಹಿಂಡಿಕೊಂಡೆ.